ಹುಚ್ಚಣ್ಣನ ಎಲೆಗೆ ಏನಿಡಬೇಕು

ನಮ್ಮೂರಿನಲ್ಲಿ ಕುಡಿಯುವವರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕುಡಿದು ಚರಂಡಿಗೆ ಬಿದ್ದರೆ ಎತ್ತಿ ಜಗಲಿ ಮೇಲೆ ಮಲಗಿಸುತ್ತಾರೆ. ಹೆಂಡತಿಗೆ ಹೊಡೆದರೆ, ಇಳಿದ ಮೇಲೆ ಸರಿಹೋಗುತ್ತಾನೆ ಬಿಡಮ್ಮ ಅನ್ನುತ್ತಾರೆ. ಎತ್ತು ಮಾರಿ ಕುಡಿದರೆ, ಎತ್ತಿಗೂ ವಯಸ್ಸಾಗಿತ್ತು ಅನ್ನುತ್ತಾರೆ. ಇಷ್ಟು ದೊಡ್ಡ ಮನಸ್ಸಿನ ಊರು ತಿಪಟೂರು ತಾಲ್ಲೂಕಿನಲ್ಲೇ ಇನ್ನೊಂದಿಲ್ಲ. ಇಂಥ ಊರಿಗೂ ಒಬ್ಬ ಮನುಷ್ಯನನ್ನು ಮಾತ್ರ ಸಹಿಸಿಕೊಳ್ಳಲು ಆಗಲಿಲ್ಲ. ಅವನು ತಿಮ್ಮಯ್ಯನ ಮಗ ಹುಚ್ಚಣ್ಣ. ಅವನು ಮಾಡಿದ ತಪ್ಪೆಂದರೆ ಕುಡಿಯುವುದನ್ನು ಬಿಟ್ಟದ್ದು, ಬಿಟ್ಟವನು ಮತ್ತೆ ಹಿಡಿಯದೇ ಹೋದದ್ದು.

ಬರೀ ಬಿಟ್ಟಿದ್ದರೆ ಊರು ಕ್ಷಮಿಸುತ್ತಿತ್ತು. ನಮ್ಮ ಗಂಡಸರೆಲ್ಲ ವರ್ಷಕ್ಕೆರಡು ಸಲ ಬಿಡುವವರೇ. ಶ್ರಾವಣಕ್ಕೆ ಬಿಡುತ್ತಾರೆ, ಶಿವರಾತ್ರಿಗೆ ಬಿಡುತ್ತಾರೆ, ಹೆಂಡತಿ ತವರಿಗೆ ಹೋಗಿ ಕೂತರೆ ಮಾವನ ಮನೆ ಬಾಗಿಲಲ್ಲಿ ನಿಂತು ಬಿಡುತ್ತಾರೆ. ಬಿಟ್ಟ ಖುಷಿಗೆ ಸಂಜೆ ಒಂದು ಚೂರು ಹಾಕಿಕೊಳ್ಳುತ್ತಾರೆ. ಇದು ಮರ್ಯಾದಸ್ಥರ ಪದ್ಧತಿ. ಹುಚ್ಚಣ್ಣ ಹಾಗೆ ಮಾಡಲಿಲ್ಲ. ಬಿಟ್ಟವನು ಬಿಟ್ಟೇಬಿಟ್ಟ, ಸಾಯುವ ತನಕ ಬಿಟ್ಟ, ಅದೂ ಸಾಲದು ಅಂತ ಸತ್ತ ಮೇಲೂ ಬಿಟ್ಟಿರಲು ಹೊರಟ. ಅದನ್ನೇ ನಾನು ಹೇಳಬೇಕೆಂದಿರುವುದು.

ಅವನ ಮನೆಗೂ ನಮ್ಮ ಮನೆಗೂ ಗೋಡೆ ಒಂದೇ. ಆಚೆ ಒಗ್ಗರಣೆ ಹಾಕಿದರೆ ಈಚೆ ಸೀನು ಬರುತ್ತದೆ. ಹಾಲ್ಕುರಿಕೆಗೆ ಹೋಗುವ ದಾರಿಯಲ್ಲಿ, ಕೆರೆಯ ಹಿಂದೆ ಅವನದೊಂದು ತೆಂಗಿನ ತೋಟ, ಅದರಾಚೆ ರಾಗಿ ಬೆಳೆಯುವ ಹೊಲ, ಒಂದು ಜೊತೆ ಎತ್ತು. ಆಳು ಎತ್ತರ, ಗಂಟಲು ಅದಕ್ಕಿಂತ ಎತ್ತರ. ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಿಸುತ್ತಿತ್ತು. ಹೆಂಡತಿ ಚಿಕ್ಕಗೌರಮ್ಮ ಇದಕ್ಕೆ ತದ್ವಿರುದ್ಧ. ಆಕೆ ಬಾಯಿ ಬಿಟ್ಟು ಮಾತಾಡಿದ್ದನ್ನು ಕೇಳಿದವರೇ ಕಡಿಮೆ. ಅವಳ ಎಡಹುಬ್ಬಿನ ಮೇಲೆ ಒಂದು ಗಾಯದ ಗುರುತಿತ್ತು. ಅದು ಹುಚ್ಚಣ್ಣ ಬೀಸಿದ ಹಿತ್ತಾಳೆ ಚೊಂಬಿನದು ಅಂತ ಊರಿಗೆಲ್ಲ ಗೊತ್ತು. ಕೇಳಿದವರಿಗೆ ಅವಳು ಬಾಗಿಲು ಬಡೀತು ಅನ್ನುತ್ತಿದ್ದಳು. ನಮ್ಮೂರ ಬಾಗಿಲುಗಳು ಬಹಳ ಚುರುಕು, ಹೆಂಗಸರ ಹುಬ್ಬು ಎಲ್ಲಿದೆ ಅಂತ ಸರಿಯಾಗಿ ನೋಡಿಕೊಂಡೇ ಬಡಿಯುತ್ತವೆ.

ಹಿರಿಯರ ಹಬ್ಬದ ವಿಷಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಮಾರ್ನಮಿಗೆ ಮುಂಚೆ, ಪಿತೃಪಕ್ಷದಲ್ಲಿ, ನಮ್ಮ ಜನ ಸತ್ತವರಿಗೆ ಎಡೆ ಇಡುತ್ತಾರೆ. ನಡುಮನೆಯಲ್ಲಿ ಬಾಳೆ ಎಲೆ ಹಾಸಿ, ಹೊಸ ಬಟ್ಟೆ ಇಟ್ಟು, ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ ಬಡಿಸುತ್ತಾರೆ. ಅದರ ಜೊತೆಗೆ ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನು ಇಡಲೇಬೇಕು. ಬೀಡಿಯವರಿಗೆ ಬೀಡಿ, ನಶ್ಯದವರಿಗೆ ನಶ್ಯ. ಆಮೇಲೆ ಎಲ್ಲರೂ ಈಚೆ ಬಂದು ಬಾಗಿಲು ಎಳೆದುಕೊಂಡು, ಹಿರಿಯರು ಉಂಡು ಏಳುವಷ್ಟು ಹೊತ್ತು ಜಗಲಿಯಲ್ಲಿ ಕೂರುತ್ತಾರೆ. ಬಾಗಿಲು ತೆಗೆದ ಮೇಲೆ ಎಲೆಯದ್ದನ್ನು ಮೊದಲು ಹಿರೀಮಗ ಬಾಯಿಗೆ ಹಾಕಿಕೊಳ್ಳಬೇಕು, ಆಮೇಲೆ ಉಳಿದವರು. ಹಿರೀಮಗ ಮುಟ್ಟದೇ ಹೋದರೆ ಸತ್ತವರು ಹಸಿದುಕೊಂಡೇ ಎದ್ದು ಹೋಗುತ್ತಾರೆ ಅಂತ ನಂಬಿಕೆ.

ತಿಮ್ಮಯ್ಯನಿಗೆ ಏನಿಷ್ಟ ಅನ್ನುವುದರಲ್ಲಿ ಊರಲ್ಲಿ ಎರಡು ಮಾತಿರಲಿಲ್ಲ. ಅವನು ತೀರಿಕೊಂಡ ವರ್ಷ ಎಲೆಯ ಪಕ್ಕದಲ್ಲಿ ಒಂದು ಲೋಟ ಕಳ್ಳಬಟ್ಟಿ ಸಾರಾಯಿ ಇಟ್ಟರು. ಹಿರೀಮಗ ಹುಚ್ಚಣ್ಣನಿಗೆ ಆಗಿನ್ನೂ ಮೀಸೆ ಮೂಡಿರಲಿಲ್ಲ. ತಿಮ್ಮಯ್ಯನ ತಮ್ಮ ಹನುಮಂತಯ್ಯ, ಅಂದರೆ ಹುಚ್ಚಣ್ಣನ ಚಿಕ್ಕಪ್ಪ, ಲೋಟವನ್ನು ಹುಡುಗನ ಕೈಗೆ ಕೊಟ್ಟು, "ಕುಡಿಯಲಾ, ನಿಮ್ಮಪ್ಪನ ಪರಸಾದ" ಅಂದ. ಹುಡುಗ ಕುಡಿದ, ಕೆಮ್ಮಿದ, ಹೊರಗೆ ಓಡಿಹೋಗಿ ಕಕ್ಕಿದ. ಅಪ್ಪ ಒಪ್ಪಿಕೊಂಡ ಅಂತ ಎಲ್ಲರಿಗೂ ಸಮಾಧಾನವಾಯಿತು. ಆಮೇಲೆ ಪ್ರಸಾದ ಹಬ್ಬಕ್ಕೆ ಮಾತ್ರ ನಿಲ್ಲದೆ ವಾರಕ್ಕೆ ಬಂತು, ವಾರದಿಂದ ದಿನಕ್ಕೆ ಬಂತು. ಅಷ್ಟು ಪಿತೃಭಕ್ತಿ ಯಾರಿಗೂ ಬೇಡ.

ಎಪ್ಪತ್ತಮೂರನೇ ಇಸವಿಯ ಹಿರಿಯರ ಹಬ್ಬ. ನಾನೂ ಪಂಕ್ತಿಯಲ್ಲಿ ಕೂತಿದ್ದೆ. ಹುಚ್ಚಣ್ಣ ಪದ್ಧತಿಯಂತೆ ಅಪ್ಪನ ಲೋಟ ಎತ್ತಿ ಕುಡಿದು ಕೆಳಗಿಟ್ಟ. ತಳದಲ್ಲಿ ಒಂದು ಚೂರು ಉಳಿದಿತ್ತು. ಹನುಮಂತಯ್ಯ ಅದರಲ್ಲಿ ಬೆರಳು ಅದ್ದಿ, ಹುಚ್ಚಣ್ಣನ ಮಗ ಕಾಂತರಾಜು ಪಕ್ಕದಲ್ಲಿ ನಿಂತಿದ್ದನಲ್ಲ, ನಾಲ್ಕು ವರ್ಷದ ಕೂಸು, ಅದರ ನಾಲಿಗೆಗೆ ಸವರಿದ. ಮಗು ಮುಖ ಸಿಂಡರಿಸಿತು. ಆಮೇಲೆ ತುಟಿ ಚಪ್ಪರಿಸಿ, "ಇನ್ನೂ" ಅಂತ ಕೈ ಚಾಚಿತು. ಮನೆ ತುಂಬ ನಗು. "ಹಿರೀಮಗನ ಹಿರೀಮಗ ಕಣ್ರಪ್ಪ, ಈಗ್ಲೇ ತಯಾರಾಗವ್ನೆ" ಅಂದ ಹನುಮಂತಯ್ಯ. ಎಲ್ಲರಿಗಿಂತ ಜೋರಾಗಿ ನಕ್ಕವನು ಹುಚ್ಚಣ್ಣನೇ. ಮಾರನೆಯ ದಿನ ಅವನು ಕುಡಿಯಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

ಬಿಟ್ಟ ಹೊಸದರಲ್ಲಿ ಅವನ ಕೈ ನಡುಗಿ ತಟ್ಟೆಯ ಮುದ್ದೆ ಬಾಯಿಗೆ ಹೋಗುತ್ತಿರಲಿಲ್ಲ. ಬೆವರು ಕಿತ್ತು ಬರುತ್ತಿತ್ತು. ಗೋಡೆಯಾಚೆಯಿಂದ ವಾಂತಿಯ ಸದ್ದು ಕೇಳುತ್ತಿತ್ತು. ಕುಡಿಯುವಾಗ ಯಾರೂ ಔಷಧ ಹೇಳಿರಲಿಲ್ಲ, ಈಗ ಊರೆಲ್ಲ ಬಂದು ಔಷಧ ಹೇಳಿತು. "ಒಂದು ಗುಟುಕು ಹಾಕ್ಕೊಳಲಾ, ಎಲ್ಲ ಸರಿಹೋಯ್ತದೆ" ಅನ್ನುವುದೇ ಆ ಔಷಧ. ಅಷ್ಟು ಪ್ರೀತಿಯ ಜನ. ನಡುಕ ನಿಂತಮೇಲೆ, ಬಿಡಿಸಿದ್ದು ತಾವೇ ಅಂತ ಪೈಪೋಟಿ ಶುರುವಾಯಿತು. ಒಬ್ಬರು ತಾವು ಕಟ್ಟಿಸಿದ ತಾಯಿತ ಅಂದರು, ಇನ್ನೊಬ್ಬರು ತಾವು ಹೇಳಿದ ಬುದ್ಧಿಮಾತು ಅಂದರು. ಹನುಮಂತಯ್ಯ ತಾನು ಹೊತ್ತ ಹರಕೆ ಅಂದ. ಯಾವ ದೇವರಿಗೆ ಅಂತ ಕೇಳಿದರೆ ಜ್ಞಾಪಕವಿರಲಿಲ್ಲ, ಹರಕೆ ಹೊತ್ತಾಗ ಸ್ವಲ್ಪ ಹಾಕಿಕೊಂಡಿದ್ದನಂತೆ. ಹುಚ್ಚಣ್ಣನನ್ನು ಮಾತ್ರ ಯಾರೂ ಕೇಳಲಿಲ್ಲ.

ನಂಬದೇ ಇದ್ದವಳು ಚಿಕ್ಕಗೌರಮ್ಮ ಒಬ್ಬಳೇ. ಹಾಗೆ ನೋಡಿದರೆ ಊರಲ್ಲಿ ತಲೆ ನೆಟ್ಟಗಿದ್ದವಳೂ ಅವಳೊಬ್ಬಳೇ. ಸಂಜೆ ಅವನು ತೋಟದಿಂದ ಬಂದರೆ ಕಾಲಿಗೆ ನೀರು ಕೊಡುವ ನೆಪದಲ್ಲಿ ಹತ್ತಿರ ನಿಂತು ಮೂಗು ಅರಳಿಸುತ್ತಿದ್ದಳು. ಅವನಿಗೆ ಗೊತ್ತಾಗುತ್ತಿತ್ತು. ಸ್ವಲ್ಪ ದಿನ ನೋಡಿ, ಆಮೇಲೆ ತಾನೇ ಬಗ್ಗಿ ಅವಳ ಮುಖಕ್ಕೆ "ಹಾ" ಅಂತ ಉಸಿರು ಬಿಡಲು ಶುರುಮಾಡಿದ. ಅವಳು ಮಾತಿಲ್ಲದೆ ಚೊಂಬು ಕೊಟ್ಟು ಒಳಗೆ ಹೋಗುವಳು. ವರ್ಷಗಟ್ಟಲೆ ಇದೇ. ನೋಡಿದವರಿಗೆ ನಗು. ನನಗೂ ನಗು ಬರುತ್ತಿತ್ತು, ಆಮೇಲಾಮೇಲೆ ಬರಲಿಲ್ಲ.

ಅವನು ಬಿಟ್ಟ ಮಾರನೆಯ ವರ್ಷದ ಹಬ್ಬ ಬಂತು. ತಿಮ್ಮಯ್ಯನ ಹೆಂಡತಿ ಬೋರಮ್ಮ ಇನ್ನೂ ಗಟ್ಟಿಯಾಗಿದ್ದ ಕಾಲ. ಆಯಮ್ಮ ಎಂದಿನಂತೆ ಗಂಡನ ಎಲೆಗೆ ಸಾರಾಯಿ ಇಡಿಸಿದಳು. ಬಾಗಿಲು ತೆಗೆದ ಮೇಲೆ ಹುಚ್ಚಣ್ಣ ಮುದ್ದೆ ಮುರಿದು ಬಾಯಿಗೆ ಹಾಕಿಕೊಂಡ, ವಡೆ ತಿಂದ, ಲೋಟ ಮುಟ್ಟಲಿಲ್ಲ. ಪಂಕ್ತಿ ಪೂರ್ತಿ ಕೈ ಕಟ್ಟಿ ಕೂತಿತು. ಹಿರೀಮಗ ಎಲ್ಲವನ್ನೂ ಮುಟ್ಟುವ ತನಕ ಯಾರೂ ಉಣ್ಣುವಂತಿಲ್ಲ. ಸಾರು ಆರುತ್ತಿತ್ತು. ಆಗ ಹನುಮಂತಯ್ಯ ವಂಶದ ಮಾನ ಕಾಪಾಡಲು ಮುಂದೆ ಬಂದ. ಹಿರೀಮಗನ ಬದಲಿಗೆ ತಾನು ಮುಟ್ಟುತ್ತೇನೆ ಅಂದ. ಅಣ್ಣನ ಆತ್ಮಕ್ಕೆ ಕೊರತೆಯಾಗಬಾರದು ಅಂತ ಲೋಟವನ್ನು ಮತ್ತೆ ಮತ್ತೆ ತುಂಬಿಸಿ ಮುಟ್ಟಿದ. ಎಷ್ಟೋ ವರ್ಷ ಈ ತ್ಯಾಗವನ್ನು ಆತ ಒಂದು ಸಲವೂ ಬೇಸರಪಡದೆ ಮಾಡಿದ.

ಈ ನಡುವೆ ಊರಿಗೆ ಹುಚ್ಚಣ್ಣನ ಉಪಯೋಗ ತಿಳಿಯಿತು. ಕುಡಿಯದವನು ಅಂದರೆ ಸಾರ್ವಜನಿಕ ಆಸ್ತಿ. ತಿಪಟೂರಿಗೆ ಕೊಬ್ಬರಿ ಹಾಕಲು ಹೋದ ದಿನ, ಹರಾಜು ಮುಗಿದ ಮೇಲೆ ನಮ್ಮ ಜನ ನೇರವಾಗಿ ಎಲ್ಲಿಗೆ ಹೋಗುತ್ತಾರೆ ಅಂತ ಹೇಳಬೇಕಿಲ್ಲ. ಹುಚ್ಚಣ್ಣ ಹೊರಗೆ ಗಾಡಿಯಲ್ಲಿ ಕೂತು ಎಲ್ಲರ ಚೀಲ, ಚಪ್ಪಲಿ, ಛತ್ರಿ ಕಾಯಬೇಕು. ಸಂಜೆ ಅವರನ್ನೆಲ್ಲ ಕೊಬ್ಬರಿ ಮೂಟೆ ಹೇರಿದ ಹಾಗೆ ಹೇರಿಕೊಂಡು ಬಂದು ಒಬ್ಬೊಬ್ಬರನ್ನೇ ಅವರವರ ಬಾಗಿಲಲ್ಲಿ ಇಳಿಸಬೇಕು. ಇಳಿಸಿಕೊಂಡ ಹೆಂಗಸರು ಬೈಯುತ್ತಿದ್ದುದು ಅವನನ್ನೇ. "ನೀನಾದ್ರೂ ನೆಟ್ಟಗಿದ್ದೀಯಲ್ಲ, ಒಂಚೂರು ಬುದ್ಧಿ ಹೇಳಬಾರ್ದೇನಣ್ಣ" ಅನ್ನುವರು. ಗಾಡಿಯಲ್ಲಿ ಮಲಗಿದವನು ಅಲ್ಲಿಂದಲೇ ತಲೆ ಎತ್ತಿ, "ಅವನೇನ್ ಹೇಳ್ತಾನೆ, ಹೆಂಡ್ತಿ ಮುಂದೆ ಬಾಯಿ ಊದೋನು" ಅನ್ನುವನು. ಹುಚ್ಚಣ್ಣ ಎತ್ತಿನ ಬಾಲ ತಿರುವಿ ಮುಂದಿನ ಮನೆಗೆ ಹೋಗುವನು.

ಅವನ ಹಳೇ ಜೊತೆಗಾರ ದುರ್ಗಯ್ಯ ಅಂತ ಒಬ್ಬನಿದ್ದ. ಹುಚ್ಚಣ್ಣ ಬಿಟ್ಟದ್ದನ್ನು ಅವನು ತನಗೆ ಮಾಡಿದ ಅವಮಾನ ಅಂತಲೇ ತಿಳಿದಿದ್ದ. ಒಂದು ಬೇಸಿಗೆಯಲ್ಲಿ ಹುಚ್ಚಣ್ಣ ಅವನ ತೋಟಕ್ಕೆ ಎತ್ತಿನ ನೊಗ ಕೇಳಿಕೊಂಡು ಹೋದ. ಅಲ್ಲಿ ನಾಲ್ಕೈದು ಜನ ಮರದ ಕೆಳಗೆ ಕೂತಿದ್ದರು. ಬಿಸಿಲಲ್ಲಿ ಬಂದಿದ್ದೀಯ, ಎಳನೀರು ಕುಡಿ ಅಂತ ದುರ್ಗಯ್ಯ ಕೆತ್ತಿದ ಕಾಯಿ ಕೈಗೆ ಕೊಟ್ಟ. ತೆಂಗಿನ ಸೀಮೆಯಲ್ಲಿ ಎಳನೀರನ್ನು ಅನುಮಾನಿಸಿ ಮೂಸಿ ನೋಡುವವನು ಯಾರು? ಹುಚ್ಚಣ್ಣ ತಲೆ ಎತ್ತಿ ಬಾಯಿಗೆ ಸುರಿದುಕೊಂಡ. ಒಳಗಿನ ನೀರು ಅರ್ಧ ಚೆಲ್ಲಿ ಸಾರಾಯಿ ತುಂಬಿದ್ದರು. ಉಗಿಯುವುದರೊಳಗೆ ಒಂದು ಗುಟುಕು ಇಳಿದುಹೋಗಿತ್ತು. ಕೂತವರೆಲ್ಲ ಚಪ್ಪಾಳೆ ತಟ್ಟಿದರು. "ಹೆಂಗಲಾ, ಇನ್ನೊಂದು ಕೆತ್ಲಾ?" ಅಂದ ದುರ್ಗಯ್ಯ. ಇವರಿಗೆಲ್ಲ ಒಳ್ಳೆಯದಾಗಲಿ. ಇಂಥ ತಮಾಷೆ ಮಾಡಲು ಎಷ್ಟು ಬುದ್ಧಿ ಖರ್ಚಾಗಿರಬೇಕು.

ಹುಚ್ಚಣ್ಣ ನೊಗವನ್ನು ಅಲ್ಲೇ ಬಿಟ್ಟು ಮನೆಗೆ ಬಂದ. ಅವತ್ತು "ಹಾ" ಅನ್ನಲಿಲ್ಲ. ಅಂಗಳದಲ್ಲಿ ನಿಂತು ತಾನಾಗಿ ಹೇಳಿದ, ಗೋಡೆಯಾಚೆ ನನಗೆ ಒಂದೊಂದು ಮಾತೂ ಕೇಳಿಸಿತು. "ಒಂದು ಗುಟುಕು ಒಳಗೆ ಹೋಗೈತೆ ಕಣೇ. ಎಳನೀರಲ್ಲಿ ಹಾಕಿದ್ರು. ನಾನಾಗಿ ಕುಡೀಲಿಲ್ಲ."

"ಎಲ್ಲಾರೂ ಹಂಗೇ ಹೇಳೋದು" ಅಂದಳು ಚಿಕ್ಕಗೌರಮ್ಮ.

ಅಷ್ಟೇ ಮಾತು. ಆದರೆ ಆ ಮೇಲೆ ಎಷ್ಟೋ ದಿನ ಅವಳು ಕಾಂತರಾಜುವನ್ನು ಅಪ್ಪನ ಜೊತೆ ಗಾಡಿಯಲ್ಲಿ ಕಳಿಸಲಿಲ್ಲ. ತೋಟಕ್ಕೆ ಹೊರಟ ಗಾಡಿಯ ಹಿಂದೆ ಹುಡುಗ ಅಳುತ್ತ ಓಡುವನು, ಅವಳು ಹಿಡಿದು ಎಳೆದುಕೊಂಡು ಬರುವಳು. ಹುಚ್ಚಣ್ಣ ತಿರುಗಿ ನೋಡುತ್ತಿರಲಿಲ್ಲ. ಚೊಂಬು ಬೀಸಿದ ಕಾಲದಲ್ಲಿ ಅವಳು ಅವನಿಗೆ ಯಾವ ಶಿಕ್ಷೆಯನ್ನೂ ಕೊಟ್ಟಿರಲಿಲ್ಲ. ಎಲ್ಲವನ್ನೂ ಸೇರಿಸಿ ಇದೊಂದನ್ನು ಕೊಟ್ಟಳು ಅನ್ನಿಸುತ್ತದೆ. ಅವಳದು ತಪ್ಪು ಅಂತ ನಾನು ಹೇಳುವುದಿಲ್ಲ, ಆದರೆ ನನಗೆ ಅವತ್ತು ಹೊಟ್ಟೆ ಉರಿದದ್ದು ಅವನಿಗಾಗಿಯೇ.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಅವನು ಅಟ್ಟದಿಂದ ಕಾಯಿ ಇಳಿಸಿ ಹಿತ್ತಿಲಲ್ಲಿ ಸುಲಿಯುತ್ತಿದ್ದ. ನಮ್ಮ ಕಡೆ ಕೊಬ್ಬರಿ ಆಗಬೇಕಾದರೆ ತೆಂಗಿನಕಾಯಿ ವರ್ಷದ ಹತ್ತಿರ ಅಟ್ಟದ ಮೇಲೆ ಇರಬೇಕು, ಒಳಗಿನ ನೀರೆಲ್ಲ ತಾನೇ ಆರಬೇಕು, ಅವಸರ ಮಾಡುವಂತಿಲ್ಲ. ನಾನು ಸುಮ್ಮನೆ ಹೋಗಿ ಕೂತೆ. ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ಸಿಪ್ಪೆ ಬಿಡಿಸುತ್ತಲೇ ಅವನು ಕೇಳಿದ. "ಲೇ ತಮ್ಮ, ನಾನು ಸತ್ರೆ ನನ್ನ ಎಲೆಗೆ ಏನ್ಲಾ ಮಡಗ್ತಾರೆ?"

"ಈಗ್ಯಾಕಣ್ಣ ಆ ಮಾತು" ಅಂದೆ.

"ನಾ ಹೇಳ್ತೀನಿ ಕೇಳು. ಅದನ್ನೇ ಮಡಗ್ತಾರೆ. ಊರಿಗೆ ನಾನು ಕುಡಿದಿದ್ದು ಗೊತ್ತೇ ಹೊರತು ಬಿಟ್ಟಿದ್ದು ಗೊತ್ತಿಲ್ಲ. ನಮ್ಮಪ್ಪನ ಎಲೆಯಿಂದ ಎತ್ತಿ ನಂಗೆ ಕೊಟ್ರು. ನನ್ನ ಎಲೆಯಿಂದ ಎತ್ತಿ ಕಾಂತರಾಜಂಗೆ ಕೊಡ್ತಾರೆ. ಅವನೂ ಹಿರೀಮಗ, ಬ್ಯಾಡ ಅನ್ನಂಗಿಲ್ಲ." ಇನ್ನೊಂದು ಕಾಯಿ ಎತ್ತಿಕೊಂಡ. "ಬದುಕಿರೋಗಂಟ ಕುಡೀದಿದ್ರೆ ಸಾಲ್ದು ಕಣ್ಲಾ. ಸತ್ತ ಮ್ಯಾಲೂ ಕುಡೀಬಾರ್ದು. ಅದೇ ನಂಗೆ ಯೋಚನೆ."

ಆಗ ನನಗೆ ತಿಳಿಯಿತು, ಇಷ್ಟು ವರ್ಷ ಇವನು ಯಾವುದಕ್ಕೆ ಹಲ್ಲು ಕಚ್ಚಿಕೊಂಡಿದ್ದಾನೆ ಅಂತ. ಆಸೆ ಹೋಗಿದೆಯಾ ಅಂತ ಕೇಳಿದೆ. "ಎಲ್ಲಿ ಹೋಯ್ತದೆ? ಆ ದುರ್ಗಯ್ಯನ ಗುಟುಕು ಇಳೀತಲ್ಲ, ರುಚಿ ಒಂಚೂರೂ ಮರೆತಿರ್ಲಿಲ್ಲ ಕಣ್ಲಾ" ಅಂದ. ಅವನ ಕಣ್ಣಲ್ಲಿ ನೀರು ಬಂದಿತ್ತು. ನಾನು ನಾರಿನ ದೂಳಿಗೆ ಅಂದುಕೊಂಡಿದ್ದರೆ ಅವನಿಗೂ ನನಗೂ ಅನುಕೂಲವಾಗುತ್ತಿತ್ತು. ಹಾಗೆ ಅಂದುಕೊಳ್ಳಲು ಆಗಲಿಲ್ಲ.

ಅವನು ಕಂಡುಕೊಂಡ ಉಪಾಯ ಮಾತ್ರ ನಮ್ಮ ಜನರ ತಲೆಗೇ ಹೊಳೆಯುವಂಥದ್ದು. ಎಲೆಗೆ ಇಷ್ಟವಾದದ್ದನ್ನೇ ಇಡಬೇಕು ತಾನೆ? ಹಾಗಾದರೆ ತನಗೆ ಬೇರೆ ಏನೋ ಒಂದು ಇಷ್ಟ ಅಂತ ಸಾಯುವುದರೊಳಗೆ ಊರಿಗೆಲ್ಲ ಗೊತ್ತಾಗಬೇಕು. ಹಳೆಯದು ಮರೆತುಹೋಗುವಷ್ಟು ಗೊತ್ತಾಗಬೇಕು. ಮೊದಲು ಕಾಫಿಯನ್ನು ಯೋಚಿಸಿದ. ಕಾಫಿ ಎಲ್ಲರೂ ಕುಡಿಯುತ್ತಾರೆ, ಯಾರ ನೆನಪಲ್ಲೂ ನಿಲ್ಲುವುದಿಲ್ಲ ಅಂತ ಬಿಟ್ಟ. ಮಜ್ಜಿಗೆಗೆ ಗತ್ತಿಲ್ಲ. ಕೊನೆಗೆ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಗೋಲಿ ಸೋಡಾ ಕಣ್ಣಿಗೆ ಬಿತ್ತು. ಬಾಟಲಿಯಿದೆ, ಗೋಲಿ ಒತ್ತಿದರೆ ಕೀಚ್ ಅಂತ ಸದ್ದಿದೆ, ಕುಡಿದ ಮೇಲೆ ನಾಲ್ಕು ಮನೆಗೆ ಕೇಳುವ ತೇಗಿದೆ. ಮರೆಯಬೇಕೆಂದರೂ ಊರು ಮರೆಯುವಂತಿಲ್ಲ.

ಅವತ್ತಿಂದ ಹುಚ್ಚಣ್ಣನಿಗೆ ಸೋಡಾ ಹುಚ್ಚು ಹಿಡಿಯಿತು. ತಿಪಟೂರಿಗೆ ಹೋದರೆ ಎಲ್ಲರೂ ನೋಡುವ ಹಾಗೆ ಬಸ್ ಸ್ಟ್ಯಾಂಡಿನ ನಟ್ಟನಡುವೆ ನಿಂತು ಕುಡಿಯುವನು. ಮದುವೆ ಮನೆಯಲ್ಲಿ ಕೂತರೆ, "ಸೋಡಾ ಇಲ್ವೇನ್ರಪ್ಪ? ನಂಗೆ ಸೋಡಾ ಅಂದ್ರೆ ಪ್ರಾಣ" ಅಂತ ಗಂಟಲು ಬಿಚ್ಚಿ ಹೇಳುವನು. ಗಾಡಿಯಲ್ಲಿ ಸೋಡಾ ಬಾಟಲಿಗಳ ಪೆಟ್ಟಿಗೆ ಹೇರಿಕೊಂಡು ಬಂದು, ಜಗಲಿಯಲ್ಲಿ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಮಾತಾಡಿಸಿ ಅವರ ಎದುರಿಗೇ ಕುಡಿಯುವನು. ಕಾಂತರಾಜುವಿಗೂ ಒಂದು ಬಾಟಲಿ. ಅಪ್ಪ ಮಗ ಸೇರಿ ತೇಗಿದರೆ ನಮ್ಮ ಗೋಡೆಯ ಮಣ್ಣು ಉದುರುತ್ತಿತ್ತು. ಊರವರು ಅವನಿಗೆ ಸೋಡಾ ಹುಚ್ಚಣ್ಣ ಅಂತ ಹೆಸರಿಟ್ಟರು. ನಗಾಡಿಕೊಂಡು ಇಟ್ಟ ಹೆಸರು. ಅವನಿಗೆ ಅದೇ ಬೇಕಾಗಿತ್ತು ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಇದರಲ್ಲಿ ಒಂದು ವಿಷಯ ಅವನಿಗೂ ನನಗೂ ಮಾತ್ರ ತಿಳಿದಿತ್ತು. ಅವನಿಗೆ ಸೋಡಾ ಸೇರುತ್ತಲೇ ಇರಲಿಲ್ಲ. "ಮೂಗೆಲ್ಲ ಉರೀತದೆ, ಹೊಟ್ಟೆ ತಮಟೆ ಆಯ್ತದೆ, ಏನ್ ದರಿದ್ರ ಕುಡಿತ ಕಣ್ಲಾ ಇದು" ಅಂತ ಒಂದು ದಿನ ನನ್ನ ಹತ್ತಿರ ಗೋಳಾಡಿಕೊಂಡ. ಸಾರಾಯಿಯನ್ನು ಇಷ್ಟಪಟ್ಟು ಕುಡಿದವನು ಸೋಡಾವನ್ನು ಕಷ್ಟಪಟ್ಟು ಕುಡಿದ. ಆದರೂ ಬಿಡಲಿಲ್ಲ.

ಎಂಬತ್ತರ ಸುಮಾರಿಗೆ ಧೈರ್ಯ ಬಂದು, ಅಪ್ಪನ ಎಲೆಗೂ ಸಾರಾಯಿ ತೆಗೆದು ಸೋಡಾ ಬಾಟಲಿ ಇಟ್ಟುಬಿಟ್ಟ. ಪಂಕ್ತಿ ದಂಗಾಯಿತು. ಹನುಮಂತಯ್ಯ ಬಾಟಲಿ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, ಧರ್ಮಸಂಕಟದ ಪ್ರಶ್ನೆ ಕೇಳಿದ. "ಅಲ್ಲಲಾ, ಸತ್ತೋನು ಗೋಲಿ ಒತ್ತೋದು ಹೆಂಗ್ಲಾ?"

"ಮುದ್ದೆ ಮುರಿಯೋನ್ಗೆ ಗೋಲಿ ಒತ್ತಕ್ಕಾಗಲ್ವಾ ಚಿಕ್ಕಪ್ಪ" ಅಂದ ಹುಚ್ಚಣ್ಣ.

ಬೋರಮ್ಮ ಅಳಲು ಶುರುಮಾಡಿದಳು. "ನಿಮ್ಮಪ್ಪ ಕನಸಲ್ಲಿ ಬಂದಿದ್ದ ಕಣಪ್ಪ. ನಾಲಿಗೆ ಒಣಗೋಗಿತ್ತು."

"ಬದುಕಿದ್ದಾಗ ಒಂದಿನನಾದ್ರೂ ಒಣಗಿತ್ತೇನವ್ವ? ಈಗ ಒಂಚೂರು ಒಣಗ್ಲಿ ಬುಡು" ಅಂದ ಮಗ. ತಿಮ್ಮಯ್ಯನ ಕೈಯಲ್ಲಿ ಆಯಮ್ಮ ತಿಂದ ಏಟುಗಳನ್ನು ಚಿಕ್ಕಂದಿನಲ್ಲಿ ಕಂಡವನು ಅವನು. ಬೋರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹನುಮಂತಯ್ಯ ಅಷ್ಟಕ್ಕೆ ಬಿಡಲಿಲ್ಲ. ಅಣ್ಣನಿಗೆ ತನ್ನ ಮನೆಯಲ್ಲೇ ಬೇರೆ ಎಡೆ ಇಡುತ್ತೇನೆ ಅಂತ ಎದ್ದು ಹೋದ, ಹಾಗೇ ಮಾಡಿದ. ಅಲ್ಲಿಂದ ಮುಂದೆ ತಿಮ್ಮಯ್ಯ ಪ್ರತಿ ವರ್ಷ ಒಂದು ಮನೆಯಲ್ಲಿ ಸೋಡಾ, ಇನ್ನೊಂದು ಮನೆಯಲ್ಲಿ ಸಾರಾಯಿ ಕುಡಿಯಬೇಕಾಯಿತು. ಬದುಕಿದ್ದಾಗ ಎರಡನ್ನೂ ಬೆರೆಸಿ ಕುಡಿಯುತ್ತಿದ್ದವನು, ಅಷ್ಟೇನೂ ತೊಂದರೆಯಾಗಿರಲಾರದು.

ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಹುಚ್ಚಣ್ಣ ತೀರಿಕೊಂಡ. ತಿಪಟೂರಿನ ಮಾರ್ಕೆಟ್ಟಿನಲ್ಲಿ ಕೊಬ್ಬರಿ ಮೂಟೆ ಇಳಿಸುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಆಸ್ಪತ್ರೆ ಸೇರುವುದರೊಳಗೆ ಮುಗಿದಿತ್ತು. ಇನ್ನೂ ತಲೆ ನೆರೆಯದ ವಯಸ್ಸು. ಊರು ತಕ್ಷಣ ಕಾರಣ ಕಂಡುಹಿಡಿಯಿತು. ಅರ್ಧ ಜನ, ಹಿಂದೆ ಕುಡಿದದ್ದು ಈಗ ತಿಂತು ಅಂದರು. ಇನ್ನರ್ಧ ಜನ, ಬಿಟ್ಟದ್ದರಿಂದಲೇ ರಕ್ತ ತಣ್ಣಗಾಗಿ ಸತ್ತ, ದಿನಕ್ಕೊಂದು ಚೂರು ಹಾಕಿಕೊಂಡಿದ್ದರೆ ಬದುಕುತ್ತಿದ್ದ ಅಂದರು. ಎರಡೂ ಪಂಗಡದವರು ಮಣ್ಣು ಮಾಡಿ ಬಂದು ಕೆರೆಯಲ್ಲಿ ಮುಳುಗಿ, ದುಃಖ ತಡೆಯಲಾರದೆ ಸಾರಾಯಿ ಅಂಗಡಿಗೆ ಹೋದರು. ಅವತ್ತು ಅವರನ್ನು ಮನೆ ಮುಟ್ಟಿಸುವವರು ಯಾರೂ ಇರಲಿಲ್ಲ. ದುರ್ಗಯ್ಯ ಕೆರೆ ಏರಿ ಮೇಲೆಯೇ ಮಲಗಿದ್ದ, ಅಳುತ್ತಿದ್ದ. ಅವನ ಅಳು ಸುಳ್ಳು ಅಂತ ನಾನು ಹೇಳಲಾರೆ.

ಆ ವರ್ಷದ ಹಿರಿಯರ ಹಬ್ಬ. ತಿಮ್ಮಯ್ಯನ ಎಲೆಯ ಪಕ್ಕದಲ್ಲಿ ಹೊಸದಾಗಿ ಇನ್ನೊಂದು ಎಲೆ. ಹೊಸ ಪಂಚೆ ಮಡಿಸಿಟ್ಟಿದ್ದರು. ಕಾಂತರಾಜು ತಿಪಟೂರಿನಲ್ಲಿ ಕಾಲೇಜು ಓದುತ್ತಿದ್ದ ಹುಡುಗ, ಆಗಷ್ಟೇ ಮೀಸೆ ಚಿಗುರಿತ್ತು, ಅಪ್ಪನಷ್ಟೇ ಎತ್ತರ. ಬಸ್ ಸ್ಟ್ಯಾಂಡಿನಿಂದ ತಾನೇ ಹೊತ್ತುಕೊಂಡು ಬಂದ ಸೋಡಾ ಬಾಟಲಿಯನ್ನು ಎಲೆಯ ಬಲಗಡೆ ಇಟ್ಟ. ಸಾರು ಬಡಿಸಿ ಆಗಿತ್ತು. ಇನ್ನೇನು ಬಾಗಿಲು ಎಳೆದುಕೊಳ್ಳಬೇಕು, ಅಷ್ಟರಲ್ಲಿ ಹನುಮಂತಯ್ಯ ಬಂದ. ಇಷ್ಟು ವರ್ಷ ಈ ಮನೆಯ ಎಡೆಗೆ ಬರದಿದ್ದವನು, ಈಗ ಸಾವಿನ ಮನೆ ಅಂತ ಹಠ ಬಿಟ್ಟು ಬಂದಿದ್ದ. ಜೊತೆಗೆ ದುರ್ಗಯ್ಯ, ಇನ್ನೂ ನಾಲ್ಕು ಜನ. ಹನುಮಂತಯ್ಯ ಎಲೆಯ ಮುಂದೆ ಕೂತು ಕಣ್ಣೊರೆಸಿಕೊಂಡು, ಅಂಗಿಯ ಜೇಬಿನಿಂದ ಒಂದು ಪ್ಯಾಕೆಟ್ ಸಾರಾಯಿ ತೆಗೆದ.

"ಪಾಪ, ಎಷ್ಟು ವರ್ಷ ಬಾಯಿ ಕಟ್ಕಂಡಿದ್ದ ನನ್ನ ಮಗ" ಅಂದ. "ಬದುಕಿದ್ದಾಗಂತೂ ಆಗ್ಲಿಲ್ಲ. ಇನ್ನು ಯಾರ ಭಯ? ಈಗ್ಲಾದ್ರೂ ತೃಪ್ತಿಯಾಗಿ ಕುಡೀಲಿ. ಲೋಟ ತತ್ತಾ ಕಾಂತರಾಜ. ಆಮ್ಯಾಕೆ ಮೊದ್ಲು ನೀನು ಮುಟ್ಟಬೇಕು, ಹಿರೀಮಗ."

ಹಿಂದೆ ನಿಂತವರೆಲ್ಲ ತಲೆದೂಗಿದರು. ಎಲ್ಲರಿಗೂ ನಿಜವಾಗಿ ಅಯ್ಯೋ ಅನ್ನಿಸಿತ್ತು. ಒಬ್ಬನ ಆಯುಷ್ಯದ ದುಡಿಮೆಯನ್ನು ಒಂದು ಲೋಟದಲ್ಲಿ ತೊಳೆದುಹಾಕಲು ಹೊರಟಿದ್ದೇವೆ ಅಂತ ಅವರಲ್ಲಿ ಯಾರಿಗೂ ಹೊಳೆಯಲಿಲ್ಲ, ಅಷ್ಟು ಒಳ್ಳೆಯ ಮನಸ್ಸಿನಿಂದ ಬಂದಿದ್ದರು. ನನಗೆ ಮೈ ಉರಿದುಹೋಯಿತು. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಮೂಲೆಯಲ್ಲಿ ಗೋಡೆಗೆ ಒರಗಿದ್ದ ಬೋರಮ್ಮ, ಆಗ ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ, ನಡುಗುವ ದನಿಯಲ್ಲಿ ಅಂದಳು. "ಒಂಚೂರು ಮಡಗಿಬುಡು ಗೌರಿ. ನನ್ನ ಮಗ ಆಸೆ ಮಡಿಕ್ಕಂಡು ಹೋಗವ್ನೆ."

ಹೆತ್ತವಳೇ ಹಾಗಂದ ಮೇಲೆ ನಾನು ಪಕ್ಕದ ಮನೆಯವನು ಏನು ಹೇಳಲಿ?

ಕಾಂತರಾಜು ಲೋಟ ತರಲಿಲ್ಲ. ಪ್ಯಾಕೆಟ್ಟನ್ನೂ ಹನುಮಂತಯ್ಯನ ಮುಖವನ್ನೂ ನೋಡಿದ. ಅವನಿಗೆ ಸಿಟ್ಟು ಬಂದಿರಲಿಲ್ಲ, ಅರ್ಥವಾಗಿರಲಿಲ್ಲ. "ಇದು ಯಾರಿಗೆ ತಾತ?" ಅಂದ.

"ನಿಮ್ಮಪ್ಪಂಗೆ ಕಣ್ಲಾ."

"ನಮ್ಮಪ್ಪ ಕುಡೀತಿರ್ಲಿಲ್ವಲ್ಲ."

"ಮುಂಚೆ ಕುಡೀತಿದ್ದ. ನೀನು ಕೂಸು, ನಿಂಗೆ ಗೊತ್ತಿಲ್ಲ."

"ನಾನು ನೋಡಿಲ್ಲ ತಾತ" ಅಂದ ಹುಡುಗ. "ಇಷ್ಟ ಇದ್ದಿದ್ನೇ ಮಡಗಬೇಕು ಅಂತೀರ. ನಮ್ಮಪ್ಪಂಗೆ ಅದು ಇಷ್ಟ ಇತ್ತು ಅಂತ ನಾನು ಹೆಂಗೆ ಮಡಗ್ಲಿ?"

ಹನುಮಂತಯ್ಯನಿಗೆ ಇದು ಬಹಳ ಅನ್ಯಾಯದ ಮಾತಾಗಿ ಕಂಡಿತು. ಸುತ್ತ ನೋಡಿದ. ಸಾಕ್ಷಿಗೆ ಬೇಕಾದಷ್ಟು ಜನರಿದ್ದರು, ಆದರೆ ಎಲ್ಲರಿಗಿಂತ ದೊಡ್ಡ ಸಾಕ್ಷಿ ಅಡುಗೆಮನೆಯ ಬಾಗಿಲಲ್ಲಿ ಸಾರಿನ ಸೌಟು ಹಿಡಿದು ನಿಂತಿದ್ದಳು. "ಅಲ್ಲ ಗೌರಮ್ಮ, ನೀನೇ ಹೇಳು. ನಿನಗಿಂತ ಚೆನ್ನಾಗಿ ಬಲ್ಲೋರು ಯಾರವ್ರೆ? ಹುಚ್ಚಣ್ಣ ಕುಡೀತಿದ್ನೋ ಇಲ್ವೋ?"

ಅಷ್ಟು ವರ್ಷ ದಿನಾ ಸಂಜೆ ಗಂಡನ ಬಾಯಿ ಮೂಸಿ ನೋಡಿದವಳು, ಅವನು ಬದುಕಿರುವ ತನಕ ಒಂದು ಸಲವೂ ನಂಬಿದೆ ಅಂತ ಬಾಯಿಬಿಟ್ಟು ಹೇಳದವಳು, ಸೌಟನ್ನು ಪಾತ್ರೆಯೊಳಗೆ ಇಟ್ಟು ಈಚೆ ಬಂದಳು. ಮಗನ ಪಕ್ಕದಲ್ಲಿ ನಿಂತಳು.

"ಇಲ್ಲ ಮಾವ" ಅಂದಳು. "ಅವ್ರು ಕುಡೀತಿರ್ಲಿಲ್ಲ. ಯಾವತ್ತೂ ಕುಡೀತಿರ್ಲಿಲ್ಲ."

ಹನುಮಂತಯ್ಯ ಪ್ಯಾಕೆಟ್ಟನ್ನು ಜೇಬಿಗೆ ಹಾಕಿಕೊಂಡು ಎದ್ದ. ಚಿಕ್ಕಗೌರಮ್ಮ ಎಲೆಯ ಕಡೆ ತಿರುಗಿ, ಎಲ್ಲ ಸರಿಯಾಗಿದೆಯಾ ಅಂತ ನೋಡಿ, ಮಗನಿಗೆ ಹೇಳಿದಳು. "ಬಾಗ್ಲು ಎಳಕೊಳಪ್ಪ. ನಿಮ್ಮಪ್ಪಂಗೆ ಹೊತ್ತಾಯ್ತು, ಉಣ್ಲಿ."